ಬೀದಿ ಜಗಳ, ಆತ್ಮರಕ್ಷಣೆ ಮತ್ತು ಅಪಾಯ ಮುಗಿಯುವ ಕ್ಷಣ

ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ರಸ್ತೆಯಲ್ಲಿ ಕೈಕೈ ಮಿಲಾಯಿಸಿ, ಒಬ್ಬರು ಆಸ್ಪತ್ರೆ ಸೇರಿ ಇನ್ನೊಬ್ಬರು ಠಾಣೆ ಸೇರಿದ ಮೇಲೆ, ಕ್ರಿಮಿನಲ್ ವಕೀಲರ ಕಚೇರಿಗೆ ಓಡಿಬರುವ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಮೊದಲು ಕೈ ಮಾಡಿದ್ದು ಅವನೇ ಸಾರ್, ನಮ್ಮ ಹುಡುಗ ತಪ್ಪಿಸಿಕೊಳ್ಳೋಕೆ ಅಂತ ಹೊಡೆದದ್ದು." ಈ ಮಾತು ಸುಳ್ಳಾಗಿರಬೇಕೆಂದೇನಿಲ್ಲ, ಬಹಳಷ್ಟು ಸಲ ನಿಜವೇ ಆಗಿರುತ್ತದೆ. ಆದರೆ ಅಷ್ಟರಿಂದಲೇ ಬಿಡುಗಡೆ ಸಿಗುತ್ತದೆಂದು ನಂಬಿ ಬಂದವರಿಗೆ ನಾನು ಮೊದಲು ವಿವರಿಸಬೇಕಾಗುವುದು ಏನೆಂದರೆ, ಜಗಳ ಯಾರಿಂದ ಶುರುವಾಯಿತು ಎಂಬುದಕ್ಕಿಂತ ಹೆಚ್ಚಾಗಿ, ನಿಮ್ಮ ಹುಡುಗನ ಏಟು ಬಿದ್ದ ಆ ಗಳಿಗೆಯಲ್ಲಿ ಅಪಾಯ ಅವನ ಎದುರು ಇನ್ನೂ ನಿಂತಿತ್ತೇ ಅಥವಾ ಅಷ್ಟರಲ್ಲಿ ಹಿಂದೆ ಸರಿದಿತ್ತೇ ಎಂಬುದನ್ನು ನ್ಯಾಯಾಲಯ ಹುಡುಕುತ್ತದೆ. ಅಪರಿಚಿತರ ನಡುವಿನ ಜಗಳಗಳಲ್ಲಿ ಇಡೀ ಮೊಕದ್ದಮೆ ನಿಲ್ಲುವುದೂ ಬೀಳುವುದೂ ಈ ಕೆಲವೇ ಸೆಕೆಂಡುಗಳ ಮೇಲೆ.

1860ರ ಭಾರತೀಯ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದ ಖಾಸಗಿ ರಕ್ಷಣೆಯ (ಆತ್ಮರಕ್ಷಣೆಗೆ ಕಾನೂನು ಕೊಟ್ಟ ಹೆಸರು ಇದು) ಹಕ್ಕಿನ ಕಲಮುಗಳು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಬಂದು ಕುಳಿತಿವೆ. ಸಂಖ್ಯೆಗಳು ಬದಲಾದರೂ ತಿರುಳು ಬದಲಾಗಿಲ್ಲವಾದ್ದರಿಂದ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳು ಇಂದಿಗೂ ಅಷ್ಟೇ ಬಲವಾಗಿ ನಿಲ್ಲುತ್ತವೆ. ಈ ಹಕ್ಕು ನಮ್ಮ ದೇಹಕ್ಕೆ ಮಾತ್ರ ಸೀಮಿತವಲ್ಲ. ಕಣ್ಣೆದುರು ಯಾರನ್ನೋ ನಾಲ್ಕು ಜನ ಹೊಡೆಯುತ್ತಿದ್ದರೆ, ಅವರ ಹೆಸರೂ ಗೊತ್ತಿಲ್ಲದಿದ್ದರೂ, ಅವರನ್ನು ಕಾಪಾಡಲು ಬಲ ಬಳಸುವ ಹಕ್ಕನ್ನು 35ನೇ ಕಲಮು ಕೊಡುತ್ತದೆ. ನಮ್ಮ ಕಾನೂನಿನ ಅತ್ಯಂತ ಮಾನವೀಯ ಸಾಲುಗಳಲ್ಲಿ ಇದೂ ಒಂದೆಂದು ನಾನು ಭಾವಿಸುತ್ತೇನೆ. 37ನೇ ಕಲಮು ಮಿತಿಗಳನ್ನು ಹೇಳುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಎದುರಾಳಿಯ ಪ್ರಾಣ ಹೋಗುವಷ್ಟು ಬಲಪ್ರಯೋಗಕ್ಕೆ ಅವಕಾಶವಿರುವ ಸಂದರ್ಭಗಳನ್ನು 38ನೇ ಕಲಮು ಪಟ್ಟಿ ಮಾಡುತ್ತದೆ. ಸಾವಿನ ಅಥವಾ ತೀವ್ರ ಗಾಯದ ಸಕಾರಣ ಭಯ, ಅತ್ಯಾಚಾರ, ಅಪಹರಣ, 2013ರಲ್ಲಿ ಸೇರಿಸಿದ ಆಸಿಡ್ ದಾಳಿ ಮುಂತಾದವು ಅದರಲ್ಲಿವೆ.

ಹಕ್ಕು ಯಾವಾಗ ಹುಟ್ಟುತ್ತದೆ ಮತ್ತು ಯಾವಾಗ ಸಾಯುತ್ತದೆ ಎಂಬುದನ್ನು ಹೇಳುವುದು 40ನೇ ಕಲಮು, ಮತ್ತು ಬೀದಿ ಜಗಳದ ಮಟ್ಟಿಗೆ ಇದೇ ಮುಖ್ಯವಾದದ್ದು. ಹಲ್ಲೆಯ ಪ್ರಯತ್ನದಿಂದಲೋ ಬೆದರಿಕೆಯಿಂದಲೋ ದೇಹಕ್ಕೆ ಅಪಾಯವಿದೆಯೆಂಬ ಸಕಾರಣ ಭಯ ಮೂಡಿದ ಕೂಡಲೇ ಹಕ್ಕು ಹುಟ್ಟುತ್ತದೆ. ಆ ಭಯ ಇರುವವರೆಗೆ ಅದು ಬದುಕಿರುತ್ತದೆ. ಮೊದಲ ಏಟು ತಿನ್ನುವವರೆಗೆ ಕಾಯಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. 1950ರಲ್ಲಿ ಮಧ್ಯಪ್ರದೇಶದ ಕಟ್ನಿಯಲ್ಲಿ ಗಲಭೆಯಾದಾಗ, ದೊಂಬಿಯೊಂದು ಅಣ್ಣತಮ್ಮಂದಿರಿಬ್ಬರ ಪೈಕಿ ಒಬ್ಬರ ಅಂಗಡಿಯನ್ನು ಲೂಟಿ ಮಾಡಿ ಇನ್ನೊಬ್ಬರ ಬಾಗಿಲಿಗೆ ಲಾಠಿಗಳಿಂದ ಬಡಿಯತೊಡಗಿತು. ಒಳಗಿದ್ದವರು ಬಂದೂಕು ಹಾರಿಸಿದರು, ಸಾವು ಸಂಭವಿಸಿತು. ಬಾಗಿಲು ಮುರಿಯುವವರೆಗೆ ಅವರು ಕಾಯಬೇಕಾಗಿರಲಿಲ್ಲವೆಂದೂ ಇಂಥ ಸಂದರ್ಭದ ನಡವಳಿಕೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದೆಂದೂ ಹೇಳಿ ಸುಪ್ರೀಂ ಕೋರ್ಟ್ 1952ರಲ್ಲಿ ಅವರನ್ನು ಬಿಡುಗಡೆ ಮಾಡಿತು. 1973ರ ದೇವ್ ನಾರಾಯಣ್ ಪ್ರಕರಣದಲ್ಲಿ, ಜಮೀನಿನ ತಕರಾರಿನ ವೇಳೆ ತಲೆಗೆ ಲಾಠಿ ಏಟು ಬಿದ್ದ ವ್ಯಕ್ತಿ ಭರ್ಜಿಯಿಂದ ತಿವಿದಿದ್ದರು. ಲಾಠಿಗೆ ಭರ್ಜಿ ಅತಿಯಾಯಿತೆಂದು ಹೈಕೋರ್ಟ್ ಶಿಕ್ಷೆ ವಿಧಿಸಿದರೆ, ತಲೆಯ ಮೇಲೆ ಬೀಳುವ ಲಾಠಿಯೂ ಪ್ರಾಣ ತೆಗೆಯಬಲ್ಲದೆಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿತು. ಹಲ್ಲೆಗೊಳಗಾದವನು ತನ್ನ ಪ್ರತಿಯೇಟನ್ನು ಲೆಕ್ಕಹಾಕಿ ಹಂತಹಂತವಾಗಿ ಹೊಂದಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ವಾಸ್ತವಕ್ಕೆ ದೂರವಾದದ್ದೆಂಬ ಮಾತು 2010ರ ದರ್ಶನ್ ಸಿಂಗ್ ತೀರ್ಪಿನಲ್ಲಿಯೂ ಬರುತ್ತದೆ. ಒಟ್ಟಿನಲ್ಲಿ, ಹಕ್ಕಿನ ಹುಟ್ಟಿನ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಉದಾರವಾಗಿವೆ.

ಹಕ್ಕಿನ ಕೊನೆಯ ವಿಷಯದಲ್ಲಿ ಅಷ್ಟು ಉದಾರತೆಯಿಲ್ಲ, ಇರಲೂಬಾರದು. ಇದನ್ನು ತೋರಿಸಲು ನನಗೆ ತಿಳಿದಿರುವ ಅತ್ಯಂತ ಸ್ಪಷ್ಟವಾದ ನಿದರ್ಶನ ನಮ್ಮ ದೇಶದ್ದಲ್ಲ. 2018ರ ಜುಲೈನಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಕ್ಲಿಯರ್‌ವಾಟರ್ ಎಂಬಲ್ಲಿ, ಒಂದು ಸಣ್ಣ ಅಂಗಡಿಯ ಮುಂದೆ ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಒಬ್ಬಾತ ಕಾರಿನಲ್ಲಿದ್ದ ಮಹಿಳೆಯೊಡನೆ ವಾದಕ್ಕಿಳಿದ. ಅಂಗಡಿಯೊಳಗಿದ್ದ ಆಕೆಯ ಸಂಗಾತಿ ಹೊರಗೆ ಬಂದು ಆತನನ್ನು ಜೋರಾಗಿ ನೆಲಕ್ಕೆ ತಳ್ಳಿದ. ಬಿದ್ದವನು ನೆಲದ ಮೇಲಿಂದಲೇ ಪಿಸ್ತೂಲು ಹೊರತೆಗೆದು ಗುಂಡು ಹಾರಿಸಿದ, ತಳ್ಳಿದವನು ಸತ್ತ. ಇಷ್ಟೂ ನಡೆದದ್ದು ಕೆಲವೇ ಸೆಕೆಂಡುಗಳಲ್ಲಿ. 2005ರಿಂದ ಫ್ಲೋರಿಡಾದಲ್ಲಿರುವ ಕಾನೂನಿನ ಪ್ರಕಾರ, ತಾನು ಇರಲು ಹಕ್ಕಿರುವ ಸ್ಥಳದಲ್ಲಿ ಅಪಾಯಕ್ಕೆ ಸಿಕ್ಕವನು ಹಿಂದೆ ಸರಿಯಬೇಕಾಗಿಲ್ಲ. ನಿಂತಲ್ಲೇ ಮಾರಕ ಬಲ ಬಳಸಬಹುದು. ಆ ಕಾನೂನನ್ನು ಮುಂದಿಟ್ಟು ಅಲ್ಲಿನ ಷೆರೀಫ್ ಮೊದಲು ಬಂಧಿಸಲೂ ಇಲ್ಲ. ಆದರೆ ಅಂಗಡಿಯ ಕ್ಯಾಮೆರಾದ ದೃಶ್ಯದಲ್ಲಿ, ಪಿಸ್ತೂಲು ಕಂಡ ಕೂಡಲೇ ತಳ್ಳಿದವನು ಹಿಂದಕ್ಕೆ ಹೆಜ್ಜೆ ಇಡುತ್ತಿರುವುದು ಕಾಣುತ್ತಿತ್ತು. ಆಗಸ್ಟ್‌ನಲ್ಲಿ ದೋಷಾರೋಪವಾಯಿತು, 2019ರಲ್ಲಿ ಜ್ಯೂರಿ ಆತನನ್ನು ತಪ್ಪಿತಸ್ಥನೆಂದಿತು, 20 ವರ್ಷಗಳ ಸೆರೆಮನೆ ಶಿಕ್ಷೆಯಾಯಿತು. ಮೊದಲು ಕೈ ಮಾಡಿದವನು ಸತ್ತವನೇ. ಆದರೂ ಗುಂಡು ಹಾರಿಸಿದವನಿಗೆ ರಕ್ಷಣೆ ಸಿಗಲಿಲ್ಲ, ಏಕೆಂದರೆ ಆ ಹಿಂದಿನ ಹೆಜ್ಜೆಯೊಡನೆ ಅಪಾಯವೂ ಹಿಂದೆ ಸರಿದಿತ್ತು. ಅಷ್ಟು ಧಾರಾಳವಾದ ಕಾನೂನಿರುವ ನೆಲದಲ್ಲೇ ಹೀಗಾದರೆ, ಅಪಾಯವಿರುವಷ್ಟು ಹೊತ್ತಿಗೆ ಮಾತ್ರ ಹಕ್ಕನ್ನು ಕಟ್ಟಿಹಾಕಿರುವ ನಮ್ಮಲ್ಲಿ ಹೇಗಾದೀತೆಂದು ಯೋಚಿಸಿ.

ಹಿಂದೆ ಸರಿಯುವ ಮಾತು ಬಂದಾಗ ನಮ್ಮ ವಕೀಲರು 1968ರ ಮುನ್ಷಿ ರಾಮ್ ತೀರ್ಪನ್ನು ಎತ್ತಿ ಹಿಡಿಯುತ್ತಾರೆ. ಅಪಾಯದ ಎದುರು ಓಡಿಹೋಗುವುದಕ್ಕಿಂತ ಮನುಷ್ಯನ ಚೇತನಕ್ಕೆ ಅವಮಾನಕರವಾದುದು ಬೇರೊಂದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಆದರೆ ಆ ಮಾತು ಹುಟ್ಟಿದ್ದು ತಮ್ಮ ಸ್ವಾಧೀನದಲ್ಲಿದ್ದ ಜಮೀನನ್ನು ಬಲವಂತವಾಗಿ ಕಿತ್ತುಕೊಳ್ಳಲು ಬಂದವರನ್ನು ಎದುರಿಸಿದವರ ಪ್ರಕರಣದಲ್ಲಿ. ಉಳುವ ನೆಲವನ್ನು ಬಿಟ್ಟು ಓಡೆಂದು ರೈತನಿಗೆ ಹೇಳುವುದೂ, ಕನ್ನಡಿಗೆ ಗೀರು ಬಿದ್ದದ್ದಕ್ಕೆ ಬೈಯುತ್ತಿರುವವನನ್ನು ಬಿಟ್ಟು ಗಾಡಿ ಮುಂದಕ್ಕೆ ತೆಗೆಯೆಂದು ಚಾಲಕನಿಗೆ ಹೇಳುವುದೂ ಒಂದೇ ಅಲ್ಲ. ಮುನ್ಷಿ ರಾಮ್ ತೀರ್ಪನ್ನು ಟ್ರಾಫಿಕ್ ಸಿಗ್ನಲ್‌ಗೆ ತಂದು ನಿಲ್ಲಿಸುವವರ ವಾದ ನನಗೆ ಒಪ್ಪಿಗೆಯಾಗಿಲ್ಲ. ಕಾರಿನ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, 112ಕ್ಕೆ ಕರೆ ಮಾಡಲು ಅವಕಾಶವಿದ್ದವನು ಅದನ್ನು ಮಾಡದೆ ಕೆಳಗಿಳಿದರೆ, ಇಳಿದ ತಪ್ಪಿಗೇ ಹಕ್ಕು ಕಳೆದುಹೋಗದಿದ್ದರೂ, ಮುಂದೆ ನಡೆಯುವ ಪ್ರತಿಯೊಂದಕ್ಕೂ ಉತ್ತರಿಸುವ ಹೊರೆ ಅವನ ಹೆಗಲಿಗೆ ಬೀಳುತ್ತದೆ. ವೀಲ್ ಸ್ಪ್ಯಾನರ್ ಹಿಡಿದು ಇಳಿದಿದ್ದರಂತೂ ಹೇಳುವುದೇ ಬೇಡ.

ಇನ್ನೊಂದು ಬಗೆಯ ಜಗಳವಿದೆ. ಇಬ್ಬರೂ ಹೊಡೆದಾಡಲು ಸಿದ್ಧರಾಗಿಯೇ ಎದುರುಬದುರಾಗಿರುತ್ತಾರೆ. "ಬಾರೋ, ನೋಡೇ ಬಿಡೋಣ" ಎನ್ನುವುದು ಎರಡೂ ಕಡೆಯಿಂದ ಬಂದಿರುತ್ತದೆ. ಹೀಗೆ ಇಬ್ಬರೂ ಒಪ್ಪಿ ಇಳಿದ ಹೊಡೆದಾಟದಲ್ಲಿ ಖಾಸಗಿ ರಕ್ಷಣೆಯ ಹಕ್ಕು ಯಾರಿಗೂ ಇಲ್ಲವೆಂಬುದು 1950ರ ದಶಕದಿಂದಲೂ ನೆಲೆನಿಂತ ನಿಯಮ. ಅಲ್ಲಿ ಪ್ರತಿಯೊಬ್ಬರೂ ತಾವು ಮಾಡಿದ್ದಕ್ಕೆ ತಾವೇ ಹೊಣೆ. ತನಿಖಾಧಿಕಾರಿಗಳಿಗೆ ಈ ಚೌಕಟ್ಟು ಬಹಳ ಅನುಕೂಲದ್ದು. ಇಬ್ಬರ ಮೇಲೂ ಕೇಸು ಹಾಕಿ ಕೈತೊಳೆದುಕೊಂಡರೆ, ನಿಜವಾಗಿ ದಾಳಿ ಮಾಡಿದವರು ಯಾರು, ತಪ್ಪಿಸಿಕೊಳ್ಳಲು ಹೆಣಗಿದವರು ಯಾರು ಎಂದು ಬಿಡಿಸಿ ನೋಡುವ ಶ್ರಮ ಉಳಿಯುತ್ತದೆ. ಇದು ನನಗೆ ಬಹಳ ನೋವಿನ ವಿಷಯ, ಏಕೆಂದರೆ ಹಾಗೆ ಸಿಕ್ಕಿಕೊಂಡವರಲ್ಲಿ ಜೀವನದಲ್ಲಿ ಎಂದೂ ಠಾಣೆಯ ಮೆಟ್ಟಿಲು ಹತ್ತದವರು ಇರುತ್ತಾರೆ.

ಬಳಸಿದ ಬಲ ಅಳತೆ ಮೀರಿತೇ ಎಂಬ ಪ್ರಶ್ನೆಯಲ್ಲಿ ಜನರು ಸಾಮಾನ್ಯವಾಗಿ ಆಯುಧವನ್ನು ಮಾತ್ರ ನೋಡುತ್ತಾರೆ. ಬರಿಗೈಯಲ್ಲಿ ಹೊಡೆದರೆ ಏನೂ ಆಗದೆಂಬ ನಂಬಿಕೆಯಿರುವವರು ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಆರೋಪಿಯಾಗಿದ್ದ ಪ್ರಕರಣವನ್ನು ನೆನೆಯಬೇಕು. 1988ರ ಡಿಸೆಂಬರ್‌ನಲ್ಲಿ ಪಟಿಯಾಲಾದ ರಸ್ತೆಯಲ್ಲಿ ವಾಹನದ ವಿಷಯಕ್ಕೆ ಹತ್ತಿದ ಜಗಳದಲ್ಲಿ ವೃದ್ಧರೊಬ್ಬರು ತೀರಿಕೊಂಡರು. ವಿಚಾರಣಾ ನ್ಯಾಯಾಲಯದಲ್ಲಿ ಖುಲಾಸೆ, ಹೈಕೋರ್ಟ್‌ನಲ್ಲಿ ಮೂರು ವರ್ಷಗಳ ಶಿಕ್ಷೆ, 2018ರಲ್ಲಿ ಸುಪ್ರೀಂ ಕೋರ್ಟ್‌ನಿಂದ 1,000 ರೂಪಾಯಿ ದಂಡ ಮಾತ್ರ, ಕೊನೆಗೆ 2022ರ ಮೇ ತಿಂಗಳಲ್ಲಿ ಮರುಪರಿಶೀಲನೆಯಲ್ಲಿ ಒಂದು ವರ್ಷದ ಸೆರೆವಾಸ. ಮೂವತ್ತು ವರ್ಷಗಳಿಗೂ ಮೀರಿದ ಅಲೆದಾಟ. ದೃಢಕಾಯನಾದ ಮಲ್ಲನೋ ಕ್ರಿಕೆಟಿಗನೋ ಹೊಡೆದರೆ ಕೈಯೇ ಆಯುಧವಾಗಬಲ್ಲದು ಎಂದು ಆ ಆದೇಶ ಹೇಳಿತು. ಸಿಧು ಪ್ರಕರಣ ಆತ್ಮರಕ್ಷಣೆಯ ವಾದದ ಮೇಲೆ ನಿಂತದ್ದಲ್ಲವಾದರೂ, ಹೊಡೆದವನ ವಯಸ್ಸು ಮತ್ತು ಮೈಕಟ್ಟು, ಹೊಡೆತ ತಿಂದವನ ಅಶಕ್ತತೆ ಇವನ್ನು ನ್ಯಾಯಾಲಯ ಹೇಗೆ ನೋಡುತ್ತದೆಂದು ತಿಳಿಯಲು ಸಾಕು. ಇದೇ ಅಳತೆ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ: ಒಬ್ಬಂಟಿ ಮಹಿಳೆಯನ್ನು ಮೂವರು ಸುತ್ತುಗಟ್ಟಿದ್ದರೆ, ಅವರ ಕೈಯಲ್ಲಿ ಏನೂ ಇರಲಿಲ್ಲವೆಂಬ ಕಾರಣಕ್ಕೆ ಆಕೆಯ ಭಯ ನಿರಾಧಾರವಾಗುವುದಿಲ್ಲ.

ಹಕ್ಕು ಇದ್ದೂ ಅದನ್ನು ಮೀರಿದವರ ಗತಿಯೇನು? ಸದ್ಭಾವನೆಯಿಂದ, ಪೂರ್ವಯೋಜನೆಯಿಲ್ಲದೆ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಉದ್ದೇಶವಿಲ್ಲದೆ ಮಿತಿ ಮೀರಿ ಎದುರಾಳಿಯ ಸಾವಿಗೆ ಕಾರಣರಾದರೆ, ಅದು ಕೊಲೆಯಾಗದೆ ಕೊಲೆಯಲ್ಲದ ಮಾನವ ಹತ್ಯೆಯಾಗುತ್ತದೆ. ನ್ಯಾಯ ಸಂಹಿತೆಯ 101ನೇ ಕಲಮಿನ ಎರಡನೆಯ ವಿನಾಯಿತಿ ಇದು. ಜೀವಾವಧಿಗೂ ಕೆಲವು ವರ್ಷಗಳ ಶಿಕ್ಷೆಗೂ ನಡುವಿನ ಅಂತರ ಬಹಳ ಸಲ ಈ ಒಂದು ವಿನಾಯಿತಿಯಲ್ಲೇ ಇರುತ್ತದೆ.

ಇಷ್ಟೆಲ್ಲ ಕಾನೂನು ಸರಿ, ಸಾಬೀತು ಹೇಗೆ? ಆತ್ಮರಕ್ಷಣೆಯಂಥ ವಿನಾಯಿತಿಯ ಸಂದರ್ಭವಿತ್ತೆಂದು ತೋರಿಸುವ ಹೊಣೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮು ಆರೋಪಿಯ ಮೇಲೆ ಹೊರಿಸುತ್ತದೆ. ಫ್ಲೋರಿಡಾದಲ್ಲಿ 2017ರ ತಿದ್ದುಪಡಿಯ ನಂತರ ವಿಚಾರಣೆಗೆ ಮೊದಲಿನ ಹಂತದಲ್ಲೇ ಈ ಹೊಣೆ ಸರ್ಕಾರದ ಕಡೆಗೆ ಹೋಗಿದೆ, ನಮ್ಮಲ್ಲಿ ಹಾಗಿಲ್ಲ. ಆದರೆ ಪ್ರಾಸಿಕ್ಯೂಷನ್‌ನಂತೆ ಸಂಶಯಾತೀತವಾಗಿ ರುಜುವಾತು ಮಾಡಬೇಕಾಗಿಲ್ಲ, ಹೀಗಾಗಿರುವ ಸಾಧ್ಯತೆಯೇ ಹೆಚ್ಚೆಂದು ತೋರಿಸಿದರೆ ಸಾಕು. ಅದಕ್ಕಾಗಿ ತಾನೇ ಸಾಕ್ಷಿಗಳನ್ನು ಕರೆಸಬೇಕೆಂದಿಲ್ಲ. ಎದುರು ಪಕ್ಷದ ಸಾಕ್ಷಿಗಳ ಪಾಟಿ ಸವಾಲಿನಿಂದಲೇ ಅದು ಹೊರಬರಬಹುದು.

ಹಾಗೆ ಹೊರಬರಲು ಬೇಕಾದ ಕುರುಹುಗಳು ಉಳಿಯುವುದೋ ಅಳಿಯುವುದೋ ಮೊದಲ ಒಂದೆರಡು ದಿನಗಳಲ್ಲಿ ತೀರ್ಮಾನವಾಗುತ್ತದೆ. ಆರೋಪಿಯ ಮೈಮೇಲಿನ ಗಾಯಗಳು ಎಲ್ಲಕ್ಕಿಂತ ಮೊದಲು. ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕೆಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮು ಹೇಳುತ್ತದೆ. ಮುಂಗೈಯ ಮೇಲಿನ ಕಂದುಗಟ್ಟಿದ ಗುರುತು, ತಲೆ ಕಾಪಾಡಿಕೊಳ್ಳಲು ಕೈ ಅಡ್ಡ ಹಿಡಿದದ್ದನ್ನು ಹೇಳಬಲ್ಲದು. "ಸಣ್ಣ ಗಾಯ, ಬಿಡಿ" ಎಂದು ಅದನ್ನು ವೂಂಡ್ ಸರ್ಟಿಫಿಕೇಟಿನಲ್ಲಿ ಬರೆಸದೆ ಬಂದರೆ ವಾರದೊಳಗೆ ಆ ಸಾಕ್ಷ್ಯ ಮಾಯವಾಗಿರುತ್ತದೆ. ಘಟನೆಯ ವೇಳೆ ಆರೋಪಿಗಾದ ಗಂಭೀರ ಗಾಯಗಳಿಗೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥೆಯೇ ಸಂಶಯಕ್ಕೆ ಒಳಗಾಗುತ್ತದೆಂದು 1976ರ ಲಕ್ಷ್ಮಿ ಸಿಂಗ್ ತೀರ್ಪು ಹೇಳಿದೆ. ಅಂಗಡಿ ಮುಂಗಟ್ಟುಗಳ ಸಿಸಿಟಿವಿ ದೃಶ್ಯಗಳು ಸ್ವಲ್ಪ ದಿನಗಳಲ್ಲೇ ತಾವಾಗಿ ಅಳಿಸಿಹೋಗುವುದರಿಂದ, ಅವನ್ನು ವಶಪಡಿಸಿಕೊಳ್ಳುವಂತೆ ಕೂಡಲೇ ಲಿಖಿತವಾಗಿ ಕೇಳಬೇಕು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಕಾರಿನಲ್ಲಿದ್ದವರಿಗೂ ಬೈಕ್ ಸವಾರನಿಗೂ ನಡೆದ ಜಗಳದಲ್ಲಿ, ರಕ್ತಸಿಕ್ತ ಮುಖದ ವಿಡಿಯೊ ಒಂದು ಕಥೆ ಹೇಳಿತು. ಆಮೇಲೆ ಹೊರಬಂದ ಸಿಸಿಟಿವಿ ದೃಶ್ಯಗಳು ಜನರನ್ನು ಮತ್ತೊಂದು ತೀರ್ಮಾನದತ್ತ ಕೊಂಡೊಯ್ದವು. ದೂರುಗಳು ಎರಡೂ ಕಡೆಯಿಂದ ದಾಖಲಾದವು. ಆ ಪ್ರಕರಣದ ಸತ್ಯಾಸತ್ಯವನ್ನು ನ್ಯಾಯಾಲಯವೇ ಹೇಳಬೇಕು. ದೃಶ್ಯದ ಯಾವ ತುಣುಕು ಮೊದಲು ಸಿಗುತ್ತದೆಯೋ ಅದನ್ನೇ ಪೂರ್ಣ ಘಟನೆಯೆಂದು ತಿಳಿದು ತೀರ್ಪು ಕೊಟ್ಟುಬಿಡುವ ನಮ್ಮ ಆತುರ ಮಾತ್ರ ಅಪಾಯಕಾರಿ.

ಒಂದೇ ಘಟನೆಗೆ ಎರಡೂ ಕಡೆಯಿಂದ ಕೇಸುಗಳಿದ್ದಾಗ ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೊಂದರಂತೆ ಎರಡನ್ನೂ ವಿಚಾರಿಸಬೇಕೆಂದು 1990ರ ನಾಥಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ನಿಮ್ಮ ಪ್ರತಿದೂರನ್ನು ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ. ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಹೇಳುವ ಆತ್ಮರಕ್ಷಣೆಯ ಕಥೆಯನ್ನು, ಅದು ಅಕ್ಷರಶಃ ನಿಜವಾಗಿದ್ದರೂ, ವಕೀಲರು ಹೆಣೆದದ್ದೆಂದು ಎದುರಿನವರು ಸುಲಭವಾಗಿ ತಳ್ಳಿಹಾಕುತ್ತಾರೆ.

ಕೊನೆಯದಾಗಿ, ವಕೀಲ ಬಂಧುಗಳಿಗೂ ತಲುಪಲೆಂದು ಇದನ್ನು ಬರೆಯುತ್ತಿದ್ದೇನೆ. ಸಾಕ್ಷ್ಯವೆಲ್ಲ ಮುಗಿದ ಮೇಲೆ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ರಡಿ, ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಪ್ರಶ್ನಿಸುತ್ತಾರೆ. ಪ್ರತಿ ಪ್ರಶ್ನೆಗೂ "ಸುಳ್ಳು" ಎಂಬ ಒಂದೇ ಉತ್ತರ ಕೊಡಿಸುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿ ಬೇರೂರಿದೆ. ಸ್ಥಳದಲ್ಲೇ ಇರಲಿಲ್ಲವೆನ್ನುವವನಿಗೆ ಅದು ಸರಿಹೋದೀತು. ಆದರೆ ತನ್ನ ತಲೆ ಉಳಿಸಿಕೊಳ್ಳಲು ಕೈ ಎತ್ತಿದವನ ಬಾಯಿಂದ, ಘಟನೆಯೇ ನಡೆದಿಲ್ಲವೆಂಬಂತೆ, ಅದೇ ಉತ್ತರ ಬಂದರೆ ಅವನ ಅತ್ಯುತ್ತಮ ರಕ್ಷಣೆ ಅವನ ಮಾತಿನಲ್ಲೇ ಇಲ್ಲವಾಗುತ್ತದೆ. ವಾದ ಮಂಡಿಸದಿದ್ದರೂ ದಾಖಲೆಯಲ್ಲಿ ಅದಕ್ಕೆ ಆಧಾರವಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು, ನಿಜ. ಹಾಗೆ ಪರಿಗಣಿಸಿ ಬಿಡುಗಡೆ ಮಾಡಿದ ತೀರ್ಪುಗಳೂ ಇವೆ. ಆದರೂ, ಏನಾಯಿತು, ಎದುರಿನವನು ಏನು ಮಾಡಲು ಬಂದ, ತಾನು ಯಾವ ಭಯದಿಂದ ಎಷ್ಟು ಹೊಡೆದೆ, ಯಾವಾಗ ನಿಲ್ಲಿಸಿದೆ ಎಂಬುದನ್ನು ಆರೋಪಿ ತನ್ನದೇ ಮಾತಿನಲ್ಲಿ ಹೇಳಲು ಇರುವ ಆ ಒಂದು ಅವಕಾಶಕ್ಕೆ ಅವನನ್ನು ಮುಂಚಿತವಾಗಿ ಸಿದ್ಧಗೊಳಿಸಿ, ಬೇಕಿದ್ದರೆ ಲಿಖಿತ ಹೇಳಿಕೆಯನ್ನೂ ಸಲ್ಲಿಸಿ.