ಮಾತ್ರೆ ಬರೆದುಕೊಡಿ ಮೇಡಂ

18 ಜುಲೈ 2024, ಗುರುವಾರ
ಬೆಂಗಳೂರು

31. ಊಟ ಮುಗಿಸಿ ಕೂತರೂ ಆ ಸಂಖ್ಯೆ ತಲೆಯಿಂದ ಹೋಗುತ್ತಿಲ್ಲ.

ಮೂರು ವರ್ಷದ ಹುಡುಗ. ಅವನ ರಕ್ತದಲ್ಲಿ ಡೆಸಿಲೀಟರಿಗೆ 31 ಮೈಕ್ರೋಗ್ರಾಂ ಸೀಸ. 5 ಮುಟ್ಟಿದರೇ ಸಾಕು, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಮಗುವಿನ ವಿಷಯದಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಅಪ್ಪ ಗುಜರಿ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಸಂಜೆ ಸೀಸದ ಧೂಳು ಮೆತ್ತಿದ ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗನನ್ನು ಎತ್ತಿಕೊಳ್ಳುತ್ತಾನೆ.

ಹುಡುಗನನ್ನು ಅಜ್ಜಿ ಕರೆದುಕೊಂಡು ಬಂದಿದ್ದರು. ಆಶಾ ಅಕ್ಕ ಜೊತೆಗಿದ್ದರು, ಅವರಿಲ್ಲದಿದ್ದರೆ ಆ ಗಲ್ಲಿಯಿಂದ ಯಾರೂ ಬರುತ್ತಿರಲಿಲ್ಲ.

"ಮಗು ಚೆನ್ನಾಗೇ ಆಡ್ಕೊಂಡಿದೆಯಲ್ಲ ಮೇಡಂ. ಒಂದೊಂದ್ಸಲ ಹೊಟ್ಟೆನೋವು ಅಂತಾನೆ, ಅಷ್ಟೇ. ಮಣ್ಣು ತಿಂತಾನೆ, ಅದಕ್ಕಿರಬೇಕು" ಎಂದರು ಅಜ್ಜಿ.

ಸೀಸದ ಕೆಟ್ಟತನವೇ ಅದು. ಜ್ವರ ಇಲ್ಲ, ಗಾಯ ಇಲ್ಲ. ಮಗು ಆಡುತ್ತಲೇ ಇರುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಶಾಲೆಯಲ್ಲಿ ಗಮನ ನಿಲ್ಲುವುದಿಲ್ಲ, ಓದು ಹತ್ತುವುದಿಲ್ಲ. ಆಗ ಎಲ್ಲರೂ ಮಗುವನ್ನೇ ದಡ್ಡ ಎನ್ನುತ್ತಾರೆ. ಇದನ್ನು ನೆನೆದರೇ ನನಗೆ ಸಿಟ್ಟು ಬರುತ್ತದೆ.

"ಮಾತ್ರೆ ಬರೆದುಕೊಡಿ ಮೇಡಂ. ಎಷ್ಟಾದ್ರೂ ಆಗ್ಲಿ, ಹೊಂದಿಸ್ತೀವಿ."

ಏನು ಹೇಳಲಿ? ಸೀಸ ಹೊರಹಾಕುವ ಔಷಧಿ ಇದೆ. ಆದರೆ ಸಾಮಾನ್ಯವಾಗಿ 45 ದಾಟಿದ ಮಕ್ಕಳಿಗೆ ಮಾತ್ರ ಕೊಡುತ್ತೇವೆ. 20ರಿಂದ 44ರ ಮಟ್ಟದಲ್ಲಿದ್ದ 780 ಪುಟ್ಟ ಮಕ್ಕಳ ಮೇಲೆ ಅಮೆರಿಕದಲ್ಲಿ ಆ ಔಷಧಿಯ ಪ್ರಯೋಗ ನಡೆದಿತ್ತು. ಫಲಿತಾಂಶ ಬಂದಿದ್ದು 2001ರಲ್ಲಿ. ರಕ್ತದ ಸೀಸವೇನೋ ಇಳಿಯಿತು, ಬುದ್ಧಿಯ ಪರೀಕ್ಷೆಗಳಲ್ಲಿ ಮಾತ್ರ ಯಾವ ಸುಧಾರಣೆಯೂ ಕಾಣಲಿಲ್ಲ. ಆ ಲೇಖನ ಓದಿದ ದಿನವೇ ನನ್ನ ಕೆಲಸದ ದಿಕ್ಕು ಬದಲಾಯಿತು ಅನ್ನಬಹುದು. ಆಮೇಲೆ ತೆಗೆಯುವುದಲ್ಲ, ಮೊದಲೇ ತಡೆಯಬೇಕು.

ಕಬ್ಬಿಣದ ಸಿರಪ್ ಬರೆದೆ, ರಕ್ತ ಕಡಿಮೆ ಇತ್ತು. ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇರುವ ಮಗುವಿನ ಮೈ ಸೀಸವನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ. ರಾಗಿ, ಸೊಪ್ಪು, ಹಾಲು ಕೊಡಿ ಎಂದೆ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಿಮ್ಮ ಮಗ ಶೆಡ್ಡಿನಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರಲಿ.

"ಅಲ್ಲಿ ನೀರೆಲ್ಲಿದೆ ತಾಯಿ?"

ಸುಮ್ಮನಾದೆ. ಅಜ್ಜಿ ಸ್ವಲ್ಪ ಹತ್ತಿರ ಬಂದು ಕೇಳಿದರು. "ನಿಮ್ಮ ಕಾಗದದಲ್ಲಿ ಅವನ ಹೆಸರು ಬರೀತೀರಾ? ಶೆಡ್ಡು ಮುಚ್ಚಿಸಿಬಿಟ್ರೆ ಏನು ಮಾಡೋದು?"

ಇಲ್ಲ ಎಂದೆ. ಹೆಸರು ಎಲ್ಲೂ ಹೋಗುವುದಿಲ್ಲ. ಆದರೆ ಅವರ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಶೆಡ್ಡು ಮುಚ್ಚಿದರೆ ಇನ್ನೊಂದು ಕಡೆ, ಇನ್ನೂ ಒಳಗಿನ ಗಲ್ಲಿಯಲ್ಲಿ ಏಳುತ್ತದೆ, ಅಲ್ವಾ?

ನಮ್ಮೂರು ಈ ವಿಷಯಕ್ಕೆ ಹೊಸದೇನಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಇಲ್ಲಿಂದಲೇ ದೇಶಕ್ಕೆಲ್ಲ ಸೀಸದ ಬಗ್ಗೆ ಹೇಳಿದವರು. 1999ರಲ್ಲಿ ಹೊರಬಂದ ಏಳು ನಗರಗಳ ಸಮೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10ರ ಮೇಲಿತ್ತು. ಮುಂದಿನ ವರ್ಷ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣಗಳಿಗೂ ಮಿತಿ ಬಂತು, 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಅದು 2017ರಿಂದ. ನಿಯಮ ಬಂದರೆ ಇಡೀ ಊರಿನ ಗಾಳಿಯೇ ಬದಲಾಗುತ್ತದೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ. ಹಳೆ ಬ್ಯಾಟರಿಗೂ 2022ರಲ್ಲಿ ನಿಯಮ ಬಂದಿದೆ, ತಯಾರಕರೇ ವಾಪಸ್ ಪಡೆದು ಸರಿಯಾಗಿ ವಿಲೇವಾರಿ ಮಾಡಿಸಬೇಕು. ಅದು ಈ ಗಲ್ಲಿಯವರೆಗೆ ಇನ್ನೂ ಬಂದಿಲ್ಲ.

ಕರೆಂಟ್ ಹೋಯಿತು. ಇನ್ವರ್ಟರ್ ಹತ್ತಿಕೊಂಡಿತು. ಅಮ್ಮನನ್ನು ಕೇಳಿದೆ, ಹೋದ ಬ್ಯಾಟರಿ ಯಾರಿಗೆ ಕೊಟ್ಟಿದ್ದು? "ಬೀದಿಯಲ್ಲಿ ಬರೋ ಗುಜರಿಯವನಿಗೆ, ಅಂಗಡಿಯವರಿಗಿಂತ ಜಾಸ್ತಿ ಕೊಟ್ಟ" ಎಂದರು. ಇಡೀ ಬೀದಿಯಲ್ಲಿ ಎಲ್ಲರೂ ಹಾಗೇ ಕೊಡುತ್ತಾರಂತೆ. ಆಟೋ, ಬೈಕು, ಯುಪಿಎಸ್, ಎಲ್ಲದರದ್ದೂ.

ಹೊರಡುವಾಗ ಅಜ್ಜಿ ಹೇಳಿದ್ದು ಈಗ ನೆನಪಾಗುತ್ತಿದೆ. ಹುಡುಗನಿಗೆ ಒಬ್ಬಳು ತಂಗಿ, ಎಂಟು ತಿಂಗಳು. ಈಗ ತಾನೇ ಅಂಬೆಗಾಲಿಡುತ್ತಿದ್ದಾಳಂತೆ. ನೆಲದ ಮೇಲೇ ಇರುತ್ತಾಳೆ, ಕೈ ಯಾವಾಗಲೂ ಬಾಯಲ್ಲಿ. ಸೋಮವಾರ ಅವಳನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಅಷ್ಟರೊಳಗೆ ಶೆಡ್ಡಿನ ಮಾಲೀಕರ ಹತ್ತಿರ ಯಾರಾದರೂ ಮಾತಾಡಬೇಕು. ಒಂದು ನಲ್ಲಿ, ಬಟ್ಟೆ ಬದಲಿಸಲು ಒಂದು ಮರೆ, ಇಷ್ಟಾದರೂ. ಆಶಾ ಅಕ್ಕನಿಗೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. ನಾನೇ ಹೋದರೆ ಹೆದರಿ ಬಾಗಿಲು ಹಾಕಿಕೊಂಡಾರು, ಆದರೆ ಅವರೊಬ್ಬರನ್ನೇ ಕಳಿಸುವುದೂ ಸರಿಯಲ್ಲ.