ಪೊಲ್ಲಿಬೆಟ್ಟದಲ್ಲಿ ಕೇಳಿದ ಹೆಸರಿಲ್ಲದ ಬ್ಯಾಂಡ್

ಕೊಡಗಿನ ಪೊಲ್ಲಿಬೆಟ್ಟದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಕೇಳಿದ ಬ್ಯಾಂಡ್‌ಗೆ ಇನ್ನೂ ಹೆಸರಿಲ್ಲ. ಪೋಸ್ಟರ್‌ನ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ಜೊತೆಗೆ ಸ್ಥಳೀಯ ಕಲಾವಿದರು’ ಎಂದಷ್ಟೇ ಇತ್ತು. ದೊಡ್ಡ ಅಕ್ಷರದಲ್ಲಿದ್ದದ್ದು ಬೆಂಗಳೂರಿನ ಒಂದು ರಾಕ್ ಬ್ಯಾಂಡ್. ನಾನು, ನನ್ನ ಗೆಳತಿ ಬಸ್ಸು ಹತ್ತಿದ್ದು ಅವರಿಗಾಗಿಯೇ. ಈಗ ಬರೆಯಲು ಕೂತಿರುವುದು ಆ ಸಣ್ಣ ಅಕ್ಷರದವರ ಬಗ್ಗೆ.

ಲೈವ್ ಸಂಗೀತ ಕೇಳಲು ಊರೂರು ಅಲೆಯುವುದು ನನ್ನ ಹಳೆಯ ಹುಚ್ಚು. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಷರೀಫರ ಪದ ಹಾಡುವುದನ್ನು ಮೊದಲ ಸಲ ಕೇಳಿದಾಗ ಮೈ ಜುಂ ಎಂದಿತ್ತು. ಆಮೇಲೆ ಸ್ವರಾತ್ಮ ಬ್ಯಾಂಡ್ ಸಿಕ್ಕಿತು. ಕೇರಳದ ಅವಿಯಲ್ ಸಿಕ್ಕಿತು. ತಮ್ಮ ಮಾತಿನಲ್ಲೇ, ತಮ್ಮ ನೆಲದ ಪದಗಳಲ್ಲೇ ರಾಕ್ ಹಾಡುವವರೆಂದರೆ ನನಗೆ ಪ್ರಾಣ. ಇಂಗ್ಲಿಷ್ ಹಾಡುಗಳನ್ನು ಇದ್ದದ್ದು ಇದ್ದ ಹಾಗೆ ನುಡಿಸುವ ಬ್ಯಾಂಡ್‌ಗಳನ್ನು ಎಷ್ಟು ಚೆನ್ನಾಗಿ ನುಡಿಸಿದರೂ ಅರ್ಧ ಗಂಟೆಗಿಂತ ಜಾಸ್ತಿ ಕೇಳಲು ಆಗುವುದಿಲ್ಲ. ಕೊಡವ ವಾಲಗ ಮದುವೆಮನೆಗಳಲ್ಲಿ ಕಿವಿಗೆ ಬಿದ್ದಿತ್ತು. ಆದರೆ ಅದು ಗಿಟಾರ್ ಪಕ್ಕದಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ.

ನವೆಂಬರ್ ಕೊನೆ. ಹುಣಸೂರು ದಾಟಿ, ತಿತಿಮತಿ ಕಾಡಿನ ನಡುವೆ ಬಸ್ಸು ಗೋಣಿಕೊಪ್ಪಲಿಗೆ ಇಳಿಯಿತು. ಕೊಡಗಿಗೆ ರೈಲಿಲ್ಲ, ಎಲ್ಲರಿಗೂ ಬಸ್ಸೇ ಗತಿ. ಮಳೆ ಹಿಡಿದುಕೊಂಡಿತ್ತು. ಈ ಹೊತ್ತಿನಲ್ಲಿ ಬರುವ ಮಳೆಯನ್ನು ಬೆಳೆಗಾರರು ಶಪಿಸುತ್ತಾರೆ. ಹಣ್ಣಾದ ಅರೇಬಿಕಾ ನೆಲಕ್ಕೆ ಉದುರುತ್ತದೆ, ಕೊಯ್ದದ್ದು ಕಣದಲ್ಲಿ ಒಣಗುವುದಿಲ್ಲ. ನಮಗೆ ಬಿಸಿ ಕಾಫಿ ಕೊಟ್ಟ ಹೋಟೆಲಿನವರೂ ಆಕಾಶ ನೋಡಿಯೇ ಮಾತಾಡುತ್ತಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ಟಿಕೆಟ್ ಮಾರಿದವರು ಗೋಣಿಕೊಪ್ಪಲು ಬಸ್ ನಿಲ್ದಾಣದಿಂದ ನಾಲ್ಕು ಗಂಟೆಗೆ ವ್ಯಾನ್ ಇರುತ್ತದೆ ಎಂದು ಬರೆದಿದ್ದರು, ಅದಕ್ಕೆ ಬೇರೆ ದುಡ್ಡೂ ತೆಗೆದುಕೊಂಡಿದ್ದರು. ಆರಾದರೂ ವ್ಯಾನ್ ಬರಲಿಲ್ಲ. ಫೋನ್ ಎತ್ತುವವರಿಲ್ಲ. ಕೊನೆಗೆ ಒಂದು ಆಟೊ ಹಿಡಿದೆವು. ತೋಟದ ಗೇಟಿನಲ್ಲಿ ನೆಟ್‌ವರ್ಕ್ ಇಲ್ಲ, ಫೋನಿನಲ್ಲಿ ಹಣ ಕಳಿಸಲು ಆಗಲಿಲ್ಲ. ಗೆಳತಿಯ ಪರ್ಸಿನಲ್ಲಿ ನೋಟುಗಳಿದ್ದವು, ಬದುಕಿಕೊಂಡೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಂಥ ಕಡೆ ಹೋಗುವವರು ಕೈಯಲ್ಲಿ ನಗದು ಇಟ್ಟುಕೊಳ್ಳಿ. ವಾಪಸ್ ಬರುವ ಗಾಡಿಯನ್ನು ಹಗಲಲ್ಲೇ ಗೊತ್ತು ಮಾಡಿಕೊಳ್ಳಿ. ರಾತ್ರಿ ಒಂಬತ್ತರ ಮೇಲೆ ತೋಟದ ರಸ್ತೆಯಲ್ಲಿ ಆಟೊ ಸಿಗುವುದಿಲ್ಲ. ನಡೆದು ಬರುತ್ತೇವೆ ಎನ್ನುವ ಯೋಚನೆಯೇ ಬೇಡ. ಸಿದ್ದಾಪುರ, ಪೊಲ್ಲಿಬೆಟ್ಟ, ತಿತಿಮತಿ ಕಡೆಯ ತೋಟಗಳಲ್ಲಿ ಆನೆಗಳು ಓಡಾಡುತ್ತವೆ. ಅಲ್ಲಿನ ಕೂಲಿಯವರಿಗೆ ಅದು ದಿನನಿತ್ಯದ ಭಯ.

ಕಾರ್ಯಕ್ರಮ ಶುರುವಾದದ್ದೇ ಎಂಟಕ್ಕೆ. ಮಳೆಯಿಂದ ವೈರುಗಳನ್ನು ಕಾಪಾಡುವುದರಲ್ಲೇ ಹೊತ್ತು ಹೋಗಿತ್ತು. ಬೆಂಗಳೂರಿನವರು ನುಡಿಸಿದರು. ಜೋರಾಗಿ ನುಡಿಸಿದರು. ಎಲ್ಲೋ ಕೇಳಿದ ಹಾಗಿತ್ತು, ಎಲ್ಲವೂ. ಅವರ ಬಗ್ಗೆ ಇಷ್ಟು ಸಾಕು.

ಹತ್ತು ಗಂಟೆಗೆ ತೋಟದ ಯಜಮಾನರು ಬಂದು ಮೈಕ್ ಆಫ್ ಮಾಡಿಸಿದರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅರ್ಧ ಜನ ಕಾರು ಹತ್ತಿ ಹೋದರು. ಪಾಪ, ಆ ಸ್ಥಳೀಯ ಕಲಾವಿದರು ಇನ್ನೂ ವೇದಿಕೆಯನ್ನೇ ಹತ್ತಿರಲಿಲ್ಲ. ಯಜಮಾನರಿಗೆ ಕಸಿವಿಸಿಯಾಯಿತೋ ಏನೋ, “ಗೋದಾಮು ಖಾಲಿ ಇದೆ, ಅಲ್ಲಿ ನುಡಿಸಿ. ಮೈಕ್ ಬೇಡ” ಎಂದರು. ಹೊಸ ಕೊಯ್ಲಿಗಾಗಿ ಗುಡಿಸಿಟ್ಟಿದ್ದ ಉದ್ದನೆಯ ಕಾಫಿ ಗೋದಾಮು. ಒಳಗೆ ಗೋಣಿಚೀಲದ ವಾಸನೆ. ನಾವು ಉಳಿದವರು ಖಾಲಿ ಚೀಲಗಳ ಮೇಲೆ ಕುಳಿತೆವು.

ಅವರು ತಕ್ಷಣ ಶುರು ಮಾಡಲಿಲ್ಲ. ದುಡಿ ಹಿಡಿದಿದ್ದ ಹುಡುಗ ಹೊರಗಿನ ಜಗಲಿಗೆ ಹೋದ. ಅಲ್ಲಿ ಬೆಂಕಿ ಹಾಕಿದ್ದರು. ನಡು ಸಣ್ಣಗಿರುವ, ಒಂದು ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ವಾದ್ಯ ದುಡಿ. ಥಂಡಿಯಲ್ಲಿ ಅದರ ಚರ್ಮ ಸಡಿಲವಾಗಿಬಿಡುತ್ತದೆ. ಬೆಂಕಿಗೆ ತೋರಿಸುವುದು, ಬೆರಳಲ್ಲಿ ತಟ್ಟುವುದು, ಕಿವಿಯ ಹತ್ತಿರ ಹಿಡಿಯುವುದು, ಮತ್ತೆ ಬೆಂಕಿಗೆ ತೋರಿಸುವುದು. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಅಲ್ಲೇ ಕೊಂಬು ಊದುವ ಹಿರಿಯರೊಬ್ಬರು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಜೀವ. ತಲೆಮಾರುಗಳಿಂದ ವಾಲಗದವರು. ಮಾತು ಅವರೇ ತೆಗೆದರು.

“ಎಲ್ಲಿಂದ ಬಂದ್ರಿ?”

ಹೇಳಿದೆ. ಇಷ್ಟು ದೂರ ಹಾಡು ಕೇಳಲೆಂದೇ ಬಂದದ್ದಾ ಎಂದು ಕೇಳಿದರು. ಹೌದು ಎಂದೆ. ತಲೆದೂಗಿದರು.

ಈ ಹುಡುಗರ ಜೊತೆ ಹೇಗೆ ಸೇರಿದಿರಿ ಎಂದು ಕೇಳಿದೆ. “ಕಕ್ಕಡದಲ್ಲಿ” ಎಂದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕೊಡವರ ಮಳೆ ತಿಂಗಳು ಅದು. ಆಗ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ವಾಲಗದವರಿಗೆ ಕೆಲಸವೂ ಇಲ್ಲ. ಗಿಟಾರ್ ಹುಡುಗ ಆ ಮಳೆಯಲ್ಲೇ ಅವರ ಮನೆ ಹುಡುಕಿಕೊಂಡು ಬಂದನಂತೆ. ದಿನವೂ ಬಂದು ಸುಮ್ನೆ ಕೂತು ಕೇಳುತ್ತಿದ್ದನಂತೆ. ವಾದ್ಯ ತೆಗೆಯುತ್ತಲೇ ಇರಲಿಲ್ಲವಂತೆ.

“ಆಮೇಲೆ ಒಂದಿನ ಗಿಟಾರ್ ತಂದ. ನನ್ನ ಕೊಂಬಿಗೆ ಸೇರ್ಲಿಲ್ಲ. ಇದಕ್ಕೆ ತೂತು ಇಲ್ಲ ನೋಡಿ. ತುಟಿಯಲ್ಲಿ, ಉಸಿರಲ್ಲಿ ಬರೋ ಸ್ವರ ಅಷ್ಟೇ. ನಾನು ಹೇಗೆ ಬದಲಾಯಿಸ್ಲಿ? ಅವನೇ ತಂತಿ ಬಿಗಿ ಮಾಡಿ, ಸಡಿಲ ಮಾಡಿ ನನ್ನ ಹತ್ತಿರಕ್ಕೆ ಬಂದ.”

ಇದು ನನಗೆ ತುಂಬಾ ಹಿಡಿಸಿತು. ಜನಪದ ವಾದ್ಯವನ್ನು ಬ್ಯಾಂಡಿನ ಶ್ರುತಿಗೆ, ಬ್ಯಾಂಡಿನ ತಾಳಕ್ಕೆ ಎಳೆದು ತರುವುದನ್ನೇ ನಾನು ಎಲ್ಲ ಕಡೆ ನೋಡಿದ್ದು. ಹಾಡಿನ ಶುರುವಿನಲ್ಲಿ ಒಂದು ಚೂರು ಕೊಂಬು, ಮಧ್ಯದಲ್ಲಿ ಒಂದು ಚೂರು ಡೊಳ್ಳು, ಆಮೇಲೆ ಅವರು ಮೂಲೆಗೆ. ಇಲ್ಲಿ ಗಿಟಾರ್ ಕೊಂಬಿನ ಮನೆಗೆ ಹೋಗಿ ಕಲಿತಿತ್ತು.

ಒಂದು ಹಾಡು ಎಷ್ಟು ಹೊತ್ತು ಎಂದು ಕೇಳಿದೆ. ಅವರು ಮದುವೆಯ ಗಂಗಾಪೂಜೆಯ ಕಥೆ ಹೇಳಿದರು. ಮದುಮಗಳು ನೀರಿನ ಕೊಡ ತಲೆ ಮೇಲೆ ಹೊತ್ತು ಮನೆಗೆ ನಡೆಯುತ್ತಾಳೆ. ಗಂಡಿನ ಕಡೆಯವರು ದಾರಿಗೆ ಅಡ್ಡ ಕುಣಿಯುತ್ತಾರೆ. ಅವರು ದಾರಿ ಬಿಡುವ ತನಕ ಆಕೆ ನಿಂತೇ ಇರಬೇಕು. ವಾಲಗದವರು ಊದುತ್ತಲೇ ಇರಬೇಕು. “ಒಂದು ಗಂಟೆ, ಎರಡು ಗಂಟೆ. ಎಷ್ಟು ಹೊತ್ತು ಅಂತ ನಾವು ತೀರ್ಮಾನ ಮಾಡಲ್ಲ. ಕುಣಿಯೋರು ಮಾಡ್ತಾರೆ. ಆ ಹುಡುಗಿ ಕಾಲು ನೋಯ್ತಾ ಇರುತ್ತೆ, ನಮಗೂ ತುಟಿ ನೋಯ್ತಾ ಇರುತ್ತೆ. ನಾವಿಬ್ಬರೇ ಒಬ್ಬರ ಮುಖ ಒಬ್ಬರು ನೋಡೋದು.”

ಸಾವಿನ ಮನೆಯಲ್ಲೂ ನುಡಿಸುತ್ತೀರಲ್ಲ, ಆ ತಾಳದ ನಡೆ ಬೇರೆಯೇ ಎಂದು ಕೇಳಿದೆ. ಬೇರೆ ಎಂದರು. ಗಿಟಾರ್ ಹುಡುಗ ಅದನ್ನೂ ಕೇಳಿದ್ದನಂತೆ, ಒಂದು ಹಾಡಿಗೆ ಬೇಕು ಅಂತ. “ಅದು ಬೇಡ ಅಂದೆ. ಅದು ಸತ್ತವರಿಗೆ ಇರೋದು, ಟಿಕೆಟ್ ತಗೊಂಡು ಬಂದವರಿಗೆ ಅಲ್ಲ. ಅವನು ಮತ್ತೆ ಕೇಳ್ಲಿಲ್ಲ. ಅದಕ್ಕೇ ಅವನ ಜೊತೆ ಬಂದಿದ್ದೀನಿ.”

ದುಡಿ ಹದಕ್ಕೆ ಬಂದಿತ್ತು. ಒಳಗೆ ಹೋದೆವು.

ಮೊದಲು ದುಡಿ ಮಾತ್ರ. ದುಡಿ ಬಡಿಯುತ್ತಾ ಹಾಡುವ ಕೊಡವರ ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ಹಾಡುವುದು ರೂಢಿ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಮತ್ತೆ ಹೇಳುತ್ತಾರೆ. ಇಲ್ಲಿ ದುಡಿ ಹುಡುಗನೂ ಒಬ್ಬಳು ಹುಡುಗಿಯೂ ಸಾಲು ಹೇಳಿದರು. ಗಿಟಾರ್ ಆ ಸಾಲನ್ನು ಮತ್ತೆ ಹೇಳಿತು, ಒಂದು ಸ್ವರವನ್ನೂ ಸೇರಿಸದೆ. ಡ್ರಮ್ ನುಡಿಸುವವನು ಕೋಲಿನ ಬದಲು ಬ್ರಷ್ ಹಿಡಿದಿದ್ದ. ಆರು ಎಣಿಕೆಯ ನಡೆ, ತೂಗಿ ತೂಗಿ ಹೋಗುವ ನಡೆ. ಅವನು ಅದರ ಮೇಲೆ ಹತ್ತಿ ಕೂರಲಿಲ್ಲ, ಪಕ್ಕದಲ್ಲೇ ನಡೆದ. ಬೇಸ್ ಗಿಟಾರಿಗೆ ಆಂಪ್ ಇರಲಿಲ್ಲವಲ್ಲ, ಅದನ್ನು ನುಡಿಸುವವನು ವಾದ್ಯ ಕೆಳಗಿಟ್ಟು ತಗಡಿನ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದ.

ಆಮೇಲೆ ಕೊಂಬು ಬಂತು. ಮುಚ್ಚಿದ ಗೋದಾಮಿನಲ್ಲಿ, ಮೈಕ್ ಇಲ್ಲದೆ, ಹತ್ತು ಅಡಿ ದೂರದಿಂದ. ಎದೆಯ ಮೂಳೆಗೆ ತಾಗಿತು. ನನ್ನ ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವಳು ಕರ್ನಾಟಕ ಸಂಗೀತ ಕಲಿತವಳು, ಶ್ರುತಿ ಒಂದೆಳೆ ಸರಿದರೂ ಮುಖ ಸಿಂಡರಿಸುತ್ತಾಳೆ. ಅವತ್ತು ಅತ್ತಳು.

ಹಾಡಿನ ಮಾತುಗಳು ‘ಪಟ್ಟೋಲೆ ಪಳಮೆ’ಯಿಂದ ಬಂದವು ಎಂದು ಆ ಹುಡುಗಿ ಆಮೇಲೆ ಹೇಳಿದಳು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಪದಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ ಅದು. ಕನ್ನಡ ಲಿಪಿಯಲ್ಲಿದೆ, ಕೊಡವ ಗೊತ್ತಿಲ್ಲದ ನಾವೂ ಕೂಡಿಸಿಕೊಂಡು ಓದಬಹುದು. “ಪುಸ್ತಕದಲ್ಲಿ ಮಾತಿದೆ, ನಡೆ ಇಲ್ಲ. ನಡೆ ಇವರ ಹತ್ತಿರ ಇದೆ” ಎಂದು ಹಿರಿಯರ ಕಡೆ ಕೈ ತೋರಿದಳು. ಆ ಮಾತು ಕೇಳಿ ನನಗೆ ಖುಷಿಯಾಯಿತು, ಭಯವೂ ಆಯಿತು. ಮದುವೆಮನೆಯಲ್ಲಿ ನಾವೆಲ್ಲ ಆ ನಡೆಗೆ ಕುಣಿದಿದ್ದೇವೆ, ಊದುವವರ ಹೆಸರು ಕೇಳಿದ್ದೇವಾ?

ಆ ಹೆಸರನ್ನು ಈ ಹುಡುಗರು ಕೇಳಿಸಿದರು. ಮುಗಿಸುವ ಮುಂಚೆ ಗಿಟಾರ್ ಹುಡುಗ ಎಲ್ಲರನ್ನೂ ಪರಿಚಯಿಸಿದ. ತನ್ನ ಹೆಸರನ್ನು ಕೊನೆಗೆ ಹೇಳಿದ. ಮೊದಲು ಹೇಳಿದ್ದು ಕೊಂಬಿನವರ ಹೆಸರು, ಅವರ ಅಪ್ಪನ ಹೆಸರು, ಅಜ್ಜನ ಹೆಸರು. ಗೋದಾಮಿನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿರಿಯರು ಏನು ಮಾಡಬೇಕೆಂದು ತಿಳಿಯದೆ ಕೊಂಬನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ನಿಂತರು.

ಮರುದಿನ ಮಡಿಕೇರಿಗೆ ಹೋದೆವು. ರಾಜಾಸೀಟ್‌ನಲ್ಲಿ ಜನವೋ ಜನ, ಮಂಜಿನಲ್ಲಿ ಏನೂ ಕಾಣಲಿಲ್ಲ. ಅಕ್ಕಿಯ ಉಂಡೆ ಕಡಂಬುಟ್ಟು ಮಾತ್ರ ಬಹಳ ಚೆನ್ನಾಗಿತ್ತು.

ಬ್ಯಾಂಡ್‌ನವರ ಹತ್ತಿರ ಮಾರಲು ಸಿಡಿ ಇಲ್ಲ, ನೆಟ್ಟಿನಲ್ಲಿ ಹಾಡೂ ಇಲ್ಲ. ರೆಕಾರ್ಡ್ ಮಾಡಿ ಎಂದು ನಾನು ಒತ್ತಾಯ ಮಾಡಿದೆ. ಮಾಡುತ್ತೇವೆ, ಆದರೆ ಗೋದಾಮಿನಂಥ ಜಾಗದಲ್ಲೇ ಎಲ್ಲರೂ ಒಟ್ಟಿಗೆ ನುಡಿಸಿ ಮಾಡುತ್ತೇವೆ ಎಂದರು. ಸ್ಟುಡಿಯೋದಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿದರೆ ಕೊಂಬಿನವರು ಯಾರ ಮುಖ ನೋಡಿ ಊದಬೇಕು, ಅಲ್ವಾ? ಕೊಡವರ ಸುಗ್ಗಿ ಹಬ್ಬ ಹುತ್ತರಿ ಮುಗಿಯುವ ತನಕ ಅವರು ಸಿಗುವುದಿಲ್ಲ. ಹಿರಿಯರಿಗೆ ಊರ ಹಬ್ಬದ ಬಯಲಾದ ಮಂದ್‌ನಲ್ಲಿ ಕೆಲಸ, ಕೋಲಾಟ ಇರುತ್ತದೆ. ಹುಡುಗರೂ ಕೇಳಲು ಅಲ್ಲಿಗೇ ಹೋಗುತ್ತಾರಂತೆ. ನಾನೂ ಬರಬಹುದಾ ಎಂದು ಕೇಳಿದೆ. “ಬನ್ನಿ. ಗಾಡಿ ನೀವೇ ಮಾಡ್ಕೊಂಡು ಬನ್ನಿ, ಆ ವ್ಯಾನ್ ನಂಬಬೇಡಿ” ಎಂದರು. ಗೋಣಿಕೊಪ್ಪಲಿನ ಆಟೊದವರ ನಂಬರ್ ಬರೆದುಕೊಂಡಿದ್ದೆ. ಹುತ್ತರಿ ದಿನಕ್ಕೆ ಆಗಲೇ ಹೇಳಿಟ್ಟಿದ್ದೇನೆ, ವಾಪಸ್ ಬರುವುದಕ್ಕೂ ಸೇರಿಸಿ.