ತೊಡೆಯಿಂದ್ಲೇ ಆಗುತ್ತಂತಲ್ಲಾ ಡಾಕ್ಟ್ರೇ, ಹೊಟ್ಟೆ ಯಾಕೆ ಕುಯ್ಯೋದು?

ನಾನು ವ್ಯಾಸ್ಕುಲರ್ ಸರ್ಜನ್, ಅಂದ್ರೆ ರಕ್ತನಾಳಗಳ ಆಪರೇಷನ್ ಮಾಡೋನು, ಕೆಲಸ ಮೈಸೂರಲ್ಲಿ, ಊರು ವಿರಾಜಪೇಟೆ ಕಡೆ. ಮದ್ವೆಗೋ ಪುತ್ತರಿಗೋ ಊರಿಗೆ ಹೋದ್ರೆ ಯಾರಾದ್ರೂ ಪಕ್ಕಕ್ಕೆ ಕರ್ದು ಕೇಳೋದು ಇದನ್ನೇ.

ಹೊಟ್ಟೆಯೊಳಗೆ ಬೆನ್ನುಮೂಳೆ ಮುಂದೆ ಇಳಿಯೋ ಮಹಾಧಮನಿ ಸುಮಾರು 2 ಸೆಂಟಿಮೀಟರ್ ಅಗಲ ಇರುತ್ತೆ, ಕೆಲವರಿಗೆ, ಅದ್ರಲ್ಲೂ ಬೀಡಿ ಸಿಗರೇಟು ಸೇದಿದ ವಯಸ್ಸಾದ ಗಂಡಸರಿಗೆ, ಅದು ಊದ್ತಾ ಹೋಗುತ್ತೆ, ನೋವು ಗೀವು ಏನೂ ಇಲ್ದೇನೇ. ಗಂಡಸರಲ್ಲಿ 5.5 ಮುಟ್ಟಿದ್ರೆ ಸಾಮಾನ್ಯವಾಗಿ ರಿಪೇರಿ ಮಾಡ್ತೀವಿ, ಯಾಕಂದ್ರೆ ಒಡೆದ್ರೆ ಎಷ್ಟೋ ಜನ ಆಸ್ಪತ್ರೆ ತಲುಪೋದೇ ಇಲ್ಲ.

ರಿಪೇರಿಗೆ ದಾರಿ ಎರಡು. ಒಂದು, ಹೊಟ್ಟೆ ಕುಯ್ದು ಊದಿದ ಜಾಗಕ್ಕೆ ಕೃತಕ ನಾಳ ಹೊಲಿಯೋದು. ಇನ್ನೊಂದು ನೀವು ಕೇಳೋ ತೊಡೆ ದಾರಿ: ತೊಡೆಸಂದಿಯ ರಕ್ತನಾಳದಿಂದ ವೈರ್ ಹತ್ತಿಸಿ, ಎಕ್ಸ್‌ರೇ ಪರದೆ ನೋಡ್ಕೊಂಡು, ಮಡಚಿಟ್ಟ ಸ್ಟೆಂಟ್ ಗ್ರಾಫ್ಟನ್ನ (ಲೋಹದ ಜಾಲರಿ ಇರೋ ಬಟ್ಟೆಯಂಥ ಕೊಳವೆ) ಒಳಗೇ ಬಿಚ್ಚೋದು. ಹಳೇ ಪೈಪೊಳಗೆ ಹೊಸ ಪೈಪ್ ತೂರಿಸಿದ ಹಾಗೆ. ಹೊಟ್ಟೆಯ ಮಹಾಧಮನಿಗೆ ಇದನ್ನ ಶುರು ಮಾಡಿದ್ದು 1990ರಲ್ಲಿ, ಅರ್ಜೆಂಟೀನಾದ ಹ್ವಾನ್ ಪರೋಡಿ. ಅದಕ್ಕೂ ಮುಂಚೆ, 1987ರಲ್ಲೇ, ಈಗಿನ ಯುಕ್ರೇನಿನ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೊಸ್ ಎದೆಭಾಗಕ್ಕೆ ಮಾಡಿದ್ರು, ಪಾಪ ಅವ್ರ ಹೆಸ್ರು ಎತ್ತೋರು ಕಮ್ಮಿ.

ಆದ್ರೆ ಗ್ರಾಫ್ಟ್ ಕಚ್ಕೊಳ್ಳೋಕೆ ಕಿಡ್ನಿ ರಕ್ತನಾಳಗಳ ಕೆಳಗೆ ಒಂದೊಂದೂವರೆ ಸೆಂಟಿಮೀಟರ್ ಆದ್ರೂ ಊದದೇ ಇರೋ ಜಾಗ ಬೇಕು. ಅಲ್ಲಿ ಜಾಗ ಇಲ್ದೇ ಇದ್ರೆ, ಅಥ್ವಾ ಡೊಂಕಾಗಿದ್ರೆ, ಮಾಮೂಲಿ ಗ್ರಾಫ್ಟ್ ಸರಿಯಾಗಿ ಕೂರಲ್ಲ. ಕಿಡ್ನಿಗೆ ರಕ್ತ ಹೋಗೋಕೆ ಗ್ರಾಫ್ಟಲ್ಲೇ ಕಿಂಡಿ ಇಟ್ಟು ಅಳತೆಗೆ ಮಾಡಿಸೋದೂ ಇದೆ, ಬರೋಕೆ ವಾರಗಟ್ಲೆ, ರೇಟೂ ಹಾಗೇ.

ಇನ್ನೊಂದು, ಗಾಯ ಚಿಕ್ಕದಿದ್ರೆ ಟ್ರೀಟ್‌ಮೆಂಟ್ ಮುಗೀತು ಅಂತ ಜನ ಅನ್ಕೋತಾರೆ. ಇಲ್ಲ. ಗ್ರಾಫ್ಟಿನ ಪಕ್ಕದಿಂದ ರಕ್ತ ಮತ್ತೆ ಊತದೊಳಕ್ಕೆ ಸೋರಬಹುದು, ಗ್ರಾಫ್ಟೇ ಜಾರಬಹುದು, ಅದು ಸ್ಕ್ಯಾನಲ್ಲೇ ಗೊತ್ತಾಗ್ಬೇಕು, ಜೀವನಪರ್ಯಂತ. ಎರಡೂ ದಾರಿಗಳನ್ನ ಹೋಲಿಸಿ ನೋಡಿದ ಬ್ರಿಟನ್ನಿನ ಇವಾರ್-1 ಅಧ್ಯಯನದಲ್ಲಿ ಮೊದಮೊದಲು ತೊಡೆ ದಾರಿಯವರಲ್ಲಿ ಸಾವು ಕಮ್ಮಿ, ಎಂಟು ವರ್ಷ ದಾಟಿದ್ಮೇಲೆ ಹೊಟ್ಟೆ ಕುಯ್ಸಿಕೊಂಡವರದ್ದೇ ಮೇಲುಗೈ.

ಎಂಬತ್ತರ ಅಜ್ಜ, ಹಾರ್ಟ್ ವೀಕು, ಜಾಗ ಸರಿ ಇದೆ ಅಂದ್ರೆ ನಾನು ಯೋಚ್ನೆ ಮಾಡದೇ ತೊಡೆ ದಾರಿ ಅಂತೀನಿ. ಅರವತ್ತರ ಗಟ್ಟಿಮುಟ್ಟಾದ ಪ್ಲಾಂಟರ್ ಆದ್ರೆ ಮೊದ್ಲು ಕೇಳೋದು, ವರ್ಷ ವರ್ಷ ಸ್ಕ್ಯಾನಿಗೆ ಬರ್ತೀರಾ ಅಂತ. "ಕಾಫಿ ಕುಯ್ಲು ಮುಗೀಲಿ ಡಾಕ್ಟ್ರೇ" ಅಂತಾರೆ. ಕಾಫಿ ಆದ್ಮೇಲೆ ಮೆಣಸು, ಮೆಣಸು ಆದ್ಮೇಲೆ ಮಳೆ. ಅಂಥವರಿಗೆ ನಾನು ಹೊಟ್ಟೆ ಕುಯ್ಯೋ ಆಪರೇಷನ್ನೇ ಹೇಳೋದು, ಅದಕ್ಕೂ ಚೆಕಪ್ ಇದೆ, ಆದ್ರೆ ಇಷ್ಟೊಂದು ಹಿಂದೆ ಬೀಳೋದು ಬೇಡ.

ಅಂದ ಹಾಗೆ ಅಪ್ಪನಿಗೋ ಅಣ್ಣನಿಗೋ ಇದು ಇದ್ರೆ, ಇಲ್ಲಾ ವಯಸ್ಸು ಅರವತ್ತೈದು ಆಗಿ ಸಿಗರೇಟೂ ಸೇದಿದ್ರೆ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸ್ಕೊಳ್ಳಿ. ಅದಕ್ಕೆ ಮೈಸೂರಿಗೆ ಬರೋದೇನೂ ಬೇಡ, ಮಡಿಕೇರಿಯಲ್ಲೇ ಆಗುತ್ತೆ.